ಆತ್ಮದ ಕಿರ್ದಿ: ಯೆಹೂದಿಗಳ ‘ಮುಸಾರ್’ ಅಭ್ಯಾಸವನ್ನು ಮನೆಯಲ್ಲೇ ಆರಂಭಿಸುವ ಬಗೆ

ಯೆಹೂದಿ ಧರ್ಮಗ್ರಂಥಗಳ ಕುರಿತು ನಾನು ಬರೆಯುವುದನ್ನು ಓದಿದವರು ಬೇರೆ ಬೇರೆ ಮಾತುಗಳಲ್ಲಿ ಕೇಳುವ ಪ್ರಶ್ನೆ ಒಂದೇ. ಕೋಪ, ಆಲಸ್ಯ, ಮಾತಿನ ಚಪಲ, ಹೊಟ್ಟೆಕಿಚ್ಚು ಮುಂತಾದವುಗಳನ್ನು ತಿದ್ದಿಕೊಳ್ಳಲು ಯೆಹೂದಿಗಳಲ್ಲಿ ‘ಮುಸಾರ್’ ಎಂಬ ಅಭ್ಯಾಸವಿದೆಯಂತಲ್ಲ, ಅದನ್ನು ಮಾಡುವುದು ಹೇಗೆ? ಅದರ ತತ್ತ್ವವನ್ನು ಯಾರಾದರೂ ವಿವರಿಸಿಯಾರು, ಆದರೆ ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು, ರಾತ್ರಿ ಮಲಗುವ ಮುನ್ನ ಪುಸ್ತಕದಲ್ಲಿ ಏನು ಗುರುತು ಹಾಕಬೇಕು ಎಂಬುದನ್ನು ಹೇಳುವವರು ಸಿಗುವುದಿಲ್ಲ ಎಂಬುದು ಇವರ ದೂರು. ಈ ಲೇಖನ ಆ ದೂರಿಗೆ ಉತ್ತರ. ಹದಿಮೂರು ವಾರಗಳ ಒಂದು ಸುತ್ತನ್ನು ಹೇಗೆ ನಡೆಸಬೇಕು, ಎಲ್ಲಿ ಎಡವುವ ಸಂಭವ ಹೆಚ್ಚು ಎಂಬುದನ್ನು ಇಲ್ಲಿ ಕ್ರಮವಾಗಿ ಹೇಳಿದ್ದೇನೆ.

ಎರಡು ಸಂದೇಹಗಳನ್ನು ಮೊದಲೇ ನಿವಾರಿಸಬೇಕು. ಇದಕ್ಕಾಗಿ ನೀವು ಯೆಹೂದಿಯಾಗಬೇಕಾಗಿಲ್ಲ. ಆ ಧರ್ಮ ಅನ್ಯರನ್ನು ಮತಾಂತರಕ್ಕೆ ಕರೆಯುವುದಿಲ್ಲ. ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ನಿಯಮ, ಆಹಾರದ ನಿಯಮ ಮೊದಲಾದವು ಯೆಹೂದಿಗಳಿಗೆ ಮಾತ್ರ ಅನ್ವಯಿಸುತ್ತವೆ. ಗುಣಗಳ ತಿದ್ದುಪಡಿಗೆ ಅಂಥ ಬೇಲಿ ಇಲ್ಲ. ಹೀಬ್ರೂ ಭಾಷೆ ಬರಬೇಕೆಂದೂ ಇಲ್ಲ. ಹಾಗಿದ್ದರೂ ಕೆಲವು ಹೀಬ್ರೂ ಪದಗಳನ್ನು ಇಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಅವುಗಳ ಧಾತುವಿನಲ್ಲಿಯೇ ಅಭ್ಯಾಸದ ಗುಟ್ಟು ಅಡಗಿದೆ.

ಈ ಪದ್ಧತಿ ಎಲ್ಲಿಂದ ಬಂತು

‘ಮುಸಾರ್’ ಎಂದರೆ ಶಿಸ್ತು, ತಿದ್ದುವ ಬೋಧೆ. ಬೈಬಲಿನ ಜ್ಞಾನೋಕ್ತಿಗಳ ಆರಂಭದಲ್ಲಿಯೇ ಜ್ಞಾನದ ಜೊತೆಗೆ ಈ ಪದ ಬರುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನಲ್ಲಿದ್ದ ಬಹ್ಯಾ ಇಬ್ನ್ ಪಾಕೂದಾ ಹೃದಯದ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದ ಒಂದು ಇಡೀ ಅಧ್ಯಾಯವನ್ನು ‘ಹೆಶ್ಬೋನ್ ಹನೆಫೆಶ್’, ಅಂದರೆ ಆತ್ಮದ ಲೆಕ್ಕ, ಎಂಬ ವಿಷಯಕ್ಕೆ ಮೀಸಲಿಟ್ಟ. 1740ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ‘ಮೆಸಿಲತ್ ಯೆಶಾರಿಮ್’ ಎಂಬ ಕೃತಿಯ ಮುನ್ನುಡಿಯಲ್ಲಿ ಮೋಶೆ ಹಯೀಮ್ ಲುಜ್ಜಾಟ್ಟೊ, ತಾನು ಓದುಗರಿಗೆ ತಿಳಿಯದ ಹೊಸದನ್ನೇನೂ ಕಲಿಸುತ್ತಿಲ್ಲ, ಅವರಿಗೆ ತಿಳಿದೇ ಇರುವುದನ್ನು ನೆನಪಿಸುತ್ತಿದ್ದೇನೆ ಎಂದು ಒಪ್ಪಿಕೊಳ್ಳುತ್ತಾನೆ. ಕೋಪ ಕೆಟ್ಟದ್ದೆಂದು ತಿಳಿಯದವರು ಯಾರಿದ್ದಾರೆ? ಬೇಕಾದ ಗಳಿಗೆಯಲ್ಲಿ ಅದು ನೆನಪಾಗುವುದಿಲ್ಲ ಎಂಬುದೇ ತೊಡಕು.

ಆ ನೆನಪನ್ನು ಉಳಿಸುವ ಉಪಾಯ 1808ರಲ್ಲಿ ಬಂತು. ಇಂದಿನ ಉಕ್ರೇನಿನಲ್ಲಿರುವ ಸತಾನೊವ್ ಊರಿನ ರಬ್ಬಿ, ಅಂದರೆ ಧರ್ಮಗುರು, ಮೆನಾಹೆಮ್ ಮೆಂಡೆಲ್ ಲೆಫಿನ್ ‘ಹೆಶ್ಬೋನ್ ಹನೆಫೆಶ್’ ಎಂಬ ಹೆಸರಿನಲ್ಲಿಯೇ ಒಂದು ಪುಸ್ತಕವನ್ನು ಲೆಂಬರ್ಗ್ ನಗರದಲ್ಲಿ ಅಚ್ಚು ಹಾಕಿಸಿದ. ಹದಿಮೂರು ಗುಣಗಳನ್ನು ಆರಿಸಿಕೊಂಡು ವಾರಕ್ಕೊಂದರಂತೆ ಗಮನಿಸುವುದು, ತಪ್ಪಿದಾಗಲೆಲ್ಲ ಕೋಷ್ಟಕದಲ್ಲಿ ಒಂದು ಚುಕ್ಕೆ ಇಡುವುದು, ಹದಿಮೂರು ವಾರಗಳ ಸುತ್ತನ್ನು ವರ್ಷಕ್ಕೆ ನಾಲ್ಕು ಬಾರಿ ಮುಗಿಸಿ ಐವತ್ತೆರಡು ವಾರಗಳನ್ನು ತುಂಬುವುದು ಅವನ ವಿಧಾನ. ಈ ಚೌಕಟ್ಟು ಮೂಲತಃ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನದು. ಲೆಫಿನ್ ಅದನ್ನು ಎತ್ತಿಕೊಂಡು ಯೆಹೂದಿ ಪರಂಪರೆಯ ಮಣ್ಣಿನಲ್ಲಿ ನೆಟ್ಟ. ಒಳ್ಳೆಯ ಉಪಕರಣ ಯಾರ ಮನೆಯದಾದರೂ ತರಬಹುದೆಂಬ ಈ ಧೈರ್ಯ ನನಗೆ ಮೆಚ್ಚುಗೆಯಾದ ಸಂಗತಿ.

1840ರ ದಶಕದಲ್ಲಿ ಲಿಥುವೇನಿಯಾದ ವಿಲ್ನಾದಲ್ಲಿ ರಬ್ಬಿ ಇಸ್ರಾಯೇಲ್ ಸಲಾಂಟರ್ ಈ ಪುಸ್ತಕವನ್ನು ಮರುಮುದ್ರಣ ಮಾಡಿಸಿ, ಮುಸಾರ್ ಅನ್ನು ಪಂಡಿತರ ಓದಿನ ಕೋಣೆಯಿಂದ ವ್ಯಾಪಾರಿಗಳ, ಗೃಹಸ್ಥರ ಬದುಕಿಗೆ ತರಲು ಯತ್ನಿಸಿದ. ಮುಂದೆ ಅದೊಂದು ಚಳವಳಿಯಾಯಿತು. ನಾನು ಕೆಳಗೆ ವಿವರಿಸುವುದು ಹೆಚ್ಚಾಗಿ ಲೆಫಿನ್‌ನ ಕೋಷ್ಟಕ ಮತ್ತು ಸಲಾಂಟರನ ಓದಿನ ಕ್ರಮ, ಇವೆರಡರ ಜೋಡಣೆ.

ಬೇಕಾಗುವ ಸಾಮಗ್ರಿ

ಜೇಬಿನಲ್ಲಿ ಹಿಡಿಯುವ ಒಂದು ಗೆರೆಯ ನೋಟ್‌ಬುಕ್, ಒಂದು ಪೆನ್ಸಿಲ್, ಬೆಳಗ್ಗೆ ಹತ್ತು ನಿಮಿಷ, ರಾತ್ರಿ ಐದು ನಿಮಿಷ, ಮತ್ತು ವಾರಕ್ಕೊಮ್ಮೆ ಅರ್ಧ ಗಂಟೆ ಮಾತನಾಡಲು ಒಬ್ಬ ನಂಬಿಕಸ್ಥ ಜೊತೆಗಾರ. ಓದಲು ಪುಟ್ಟ ಗ್ರಂಥವೊಂದು ಬೇಕು. ‘ಪಿರ್ಕೇ ಅವೋತ್’ ಎಂಬ, ಹಿರಿಯರ ಸೂಕ್ತಿಗಳ ಸಂಗ್ರಹ ಸಾಕು. ಸುಮಾರು 1800 ವರ್ಷಗಳ ಹಿಂದೆ ಸಂಕಲನಗೊಂಡ ಮಿಶ್ನಾ ಎಂಬ ಧರ್ಮಶಾಸ್ತ್ರದ ಭಾಗವಾದ ಈ ಸಂಗ್ರಹ ಅಂತರ್ಜಾಲದಲ್ಲಿ ಇಂಗ್ಲಿಷ್ ಅನುವಾದದೊಡನೆ ಉಚಿತವಾಗಿ ಸಿಗುತ್ತದೆ. ಮೊಬೈಲ್ ಆ್ಯಪ್ ಬಳಸಬಹುದೇ ಎಂದು ಹಲವರು ಕೇಳಿದ್ದಾರೆ. ಬಳಸಬಹುದು, ಆದರೆ ರಾತ್ರಿ ಲೆಕ್ಕ ಬರೆಯಲೆಂದು ಫೋನ್ ಕೈಗೆತ್ತಿಕೊಂಡವರು ಏನೇನು ನೋಡಿ ಎಷ್ಟು ಹೊತ್ತಿಗೆ ಮಲಗುತ್ತಾರೆಂಬುದು ಅವರಿಗೇ ಗೊತ್ತು. ಕಾಗದವೇ ವಾಸಿ.

ಹಂತ 1: ಗುಣವನ್ನು ಆರಿಸಿಕೊಳ್ಳುವುದು

ಗುಣಕ್ಕೆ ಹೀಬ್ರೂವಿನಲ್ಲಿ ‘ಮಿದ್ದಾ’ ಎನ್ನುತ್ತಾರೆ, ಬಹುವಚನ ‘ಮಿದ್ದೋತ್’. ಪದದ ನೇರ ಅರ್ಥ ಅಳತೆ. ಈ ಒಂದು ಅರ್ಥವನ್ನು ಹಿಡಿದುಕೊಂಡರೆ ಅರ್ಧ ದಾರಿ ಸವೆದಂತೆ. ಗುಣ ಎನ್ನುವುದು ಇದೆ ಅಥವಾ ಇಲ್ಲ ಎನ್ನುವ ವಸ್ತುವಲ್ಲ. ಪ್ರತಿಯೊಬ್ಬರಲ್ಲಿಯೂ ಎಲ್ಲ ಗುಣಗಳೂ ಇರುತ್ತವೆ, ಅಳತೆಯಲ್ಲಿ ಮಾತ್ರ ವ್ಯತ್ಯಾಸ. ಸಾರಿಗೆ ಉಪ್ಪು ಕಡಿಮೆಯಾದರೂ ಕಷ್ಟ, ಹೆಚ್ಚಾದರೂ ಕಷ್ಟ. ಹನ್ನೆರಡನೆಯ ಶತಮಾನದ ಮಹಾವಿದ್ವಾಂಸ ಮೈಮೊನಿಡಿಸ್ ಇದನ್ನೇ ನಡುದಾರಿ ಎಂದು ಕರೆದ: ಜಿಪುಣತನಕ್ಕೂ ದುಂದಿಗೂ ನಡುವೆ, ಹೇಡಿತನಕ್ಕೂ ಹುಂಬತನಕ್ಕೂ ನಡುವೆ. ಅಹಂಕಾರ ಮತ್ತು ಕೋಪ ಎಂಬ ಎರಡಕ್ಕೆ ಮಾತ್ರ ಅವನು ನಡುದಾರಿ ಸಾಲದೆಂದು, ಅವುಗಳಿಂದ ಪೂರ್ತಿ ದೂರ ಸರಿಯಬೇಕೆಂದು ಹೇಳಿದ.

ಲೆಫಿನ್‌ನ ಪಟ್ಟಿಯಲ್ಲಿರುವ ಹದಿಮೂರು ಗುಣಗಳಿವು: ಮೆನುಹತ್ ಹನೆಫೆಶ್ (ಮನಸ್ಸಿನ ಸಮಸ್ಥಿತಿ), ಸವ್ಲನೂತ್ (ತಾಳ್ಮೆ), ಸೆದೆರ್ (ಅಚ್ಚುಕಟ್ಟು), ಹರಿತ್ಸೂತ್ (ನಿರ್ಧಾರದ ದೃಢತೆ), ನೆಕಿಯೂತ್ (ಶುಚಿತ್ವ), ಅನವಾ (ವಿನಯ), ತ್ಸೆದೆಕ್ (ನ್ಯಾಯ), ಕಿಮ್ಮುತ್ಸ್ (ಮಿತವ್ಯಯ), ಜ್ರಿಜೂತ್ (ಚುರುಕು), ಶ್ತಿಕಾ (ಮೌನ), ನಿಹೂತಾ (ಮೆಲುನುಡಿ, ಮೃದು ವರ್ತನೆ), ಎಮೆತ್ (ಸತ್ಯ), ಪ್ರಿಶೂತ್ (ಭೋಗದಲ್ಲಿ ಸಂಯಮ). ಈ ಪಟ್ಟಿಯೇನೂ ಶಿಲಾಶಾಸನವಲ್ಲ. ಕೃತಜ್ಞತೆ, ಔದಾರ್ಯ ಮೊದಲಾದವು ಇದರಲ್ಲಿ ಇಲ್ಲ. ನಿಮಗೆ ಬೇಕೆನಿಸಿದರೆ ಒಂದನ್ನು ತೆಗೆದು ಇನ್ನೊಂದನ್ನು ಸೇರಿಸಿಕೊಳ್ಳಿ, ಆದರೆ ಸಂಖ್ಯೆ ಹದಿಮೂರನ್ನು ಮೀರದಿರಲಿ.

ಮೊದಲ ವಾರಕ್ಕೆ ಯಾವ ಗುಣ? ನಿಮ್ಮ ಮನಸ್ಸನ್ನು ಕೇಳಿದರೆ ಅದು ಅನುಕೂಲದ ಉತ್ತರ ಕೊಡುತ್ತದೆ. ಮನೆಯವರು ನಿಮ್ಮ ಬಗ್ಗೆ ಪದೇ ಪದೇ ಹೇಳುವ ದೂರು ಯಾವುದೆಂದು ನೆನಪಿಸಿಕೊಳ್ಳಿ. ಅಪ್ಪ ಒಂದು ರೀತಿಯಲ್ಲಿ, ಹೆಂಡತಿ ಇನ್ನೊಂದು ರೀತಿಯಲ್ಲಿ, ಕಚೇರಿಯ ಗೆಳೆಯ ಮತ್ತೊಂದು ರೀತಿಯಲ್ಲಿ ಹೇಳಿದ್ದರೂ ಒಳಗಿನ ಗುಣ ಒಂದೇ ಇರುವುದುಂಟು. ತಾಲ್ಮೂಡ್ ಎಂಬ ಬೃಹತ್ ಚರ್ಚಾಗ್ರಂಥದಲ್ಲಿ ಒಂದು ಪ್ರಾಸದ ಮಾತಿದೆ: ಮನುಷ್ಯನನ್ನು ಅವನ ‘ಕೀಸೊ’, ‘ಕೋಸೊ’, ‘ಕಾಸೊ’ ಎಂಬ ಮೂರರಿಂದ ಗುರುತಿಸಬಹುದು. ಹಣದ ಚೀಲ, ಕುಡಿಯುವ ಬಟ್ಟಲು, ಸಿಟ್ಟು. ಕಳೆದ ತಿಂಗಳು ಹಣ ಬಿಚ್ಚುವಾಗ, ಸಂತೋಷಕೂಟದಲ್ಲಿದ್ದಾಗ, ರೇಗಿದಾಗ ನೀವು ಹೇಗಿದ್ದಿರಿ ಎಂದು ಬರೆದುಕೊಂಡರೆ ಆಯ್ಕೆ ತಾನಾಗಿಯೇ ಆಗುತ್ತದೆ.

ಎಚ್ಚರಿಕೆ: ಅತಿ ಕಠಿಣವಾದ ಗುಣದಿಂದ ಆರಂಭಿಸಬೇಡಿ. ಹದಿನೈದು ವರ್ಷದಿಂದ ಬೇರು ಬಿಟ್ಟ ಕೋಪವನ್ನು ಮೊದಲ ವಾರಕ್ಕೆ ಇಟ್ಟುಕೊಂಡವರು ಎರಡನೆಯ ವಾರಕ್ಕೆ ಪುಸ್ತಕವನ್ನೇ ಮುಚ್ಚುತ್ತಾರೆ. ಸೆದೆರ್ ಅಥವಾ ಜ್ರಿಜೂತ್ ಮೊದಲ ವಾರಕ್ಕೆ ಹಿತ. ಮೇಜಿನ ಮೇಲಿನ ಕಾಗದಗಳು ಜೋಡಣೆಯಾಗಿವೆಯೇ, ಎಚ್ಚರದ ಗಂಟೆ ಹೊಡೆದಾಗ ಎದ್ದೆನೇ ಎಂಬುದಕ್ಕೆ ಹೌದು-ಇಲ್ಲ ಎಂಬ ನೇರ ಉತ್ತರ ಸಿಗುತ್ತದೆ.

ಹಂತ 2: ಕೋಷ್ಟಕ ಹಾಕುವುದು

ನೋಟ್‌ಬುಕ್ಕಿನ ಎರಡು ಎದುರುಬದುರು ಪುಟಗಳನ್ನು ಒಂದು ವಾರಕ್ಕೆ ಬಿಡಿ. ಎಡಪುಟದ ಮೇಲೆ ಗುಣದ ಹೆಸರು, ಅದರ ಕೆಳಗೆ ಆ ಗುಣವನ್ನು ನಿಮ್ಮದೇ ಮಾತಿನಲ್ಲಿ ಹೇಳುವ ಒಂದು ವಾಕ್ಯ. ಮೌನದ ಕುರಿತು ಲೆಫಿನ್ ಹೇಳುವುದರ ತಾತ್ಪರ್ಯ ಇದು: ಮಾತನಾಡುವ ಮೊದಲು ಈ ಮಾತಿನಿಂದ ನನಗಾಗಲಿ ಇತರರಿಗಾಗಲಿ ಏನು ಪ್ರಯೋಜನ ಎಂದು ಯೋಚಿಸು. ವಾಕ್ಯ ಅಷ್ಟೇ ಚಿಕ್ಕದಾಗಿ, ಕೆಲಸಕ್ಕೆ ಬರುವಂತೆ ಇರಲಿ. ಅದರ ಕೆಳಗೆ ಏಳು ದಿನಗಳಿಗೆ ಏಳು ಕಂಬಸಾಲು, ಹದಿಮೂರು ಗುಣಗಳಿಗೆ ಹದಿಮೂರು ಅಡ್ಡಸಾಲು. ಆ ವಾರದ ಗುಣವೇ ಮುಖ್ಯವಾದರೂ ಉಳಿದ ಹನ್ನೆರಡರ ಸಾಲುಗಳೂ ಇರುತ್ತವೆ. ಅವುಗಳಲ್ಲಿ ಕಣ್ಣಿಗೆ ಬಿದ್ದ ತಪ್ಪಿಗೂ ಚುಕ್ಕೆ ಇಡಬಹುದು, ಹುಡುಕಿಕೊಂಡು ಹೋಗಬೇಕಾಗಿಲ್ಲ. ಬಲಪುಟ ಟಿಪ್ಪಣಿಗೆ.

ಹಂತ 3: ಬೆಳಗಿನ ಓದು

ಬೆಳಗ್ಗೆ ಎದ್ದು, ಮನೆಯವರ ಗಲಾಟೆ ಶುರುವಾಗುವ ಮೊದಲು, ಆ ವಾರದ ವಾಕ್ಯವನ್ನು ಗಟ್ಟಿಯಾಗಿ ಓದಿ. ಒಂದೆರಡು ಬಾರಿಯಲ್ಲ, ಹತ್ತು ಹದಿನೈದು ಬಾರಿ, ಬೇಕಾದರೆ ಒಂದು ರಾಗ ಹಿಡಿದು. ಸಲಾಂಟರ್ ಇದಕ್ಕೆ ‘ಹಿತ್ಪಾಲೂತ್’ ಎಂಬ ಹೆಸರು ಬಳಸಿದ: ಭಾವ ಕಲಕುವಂತೆ ಓದುವುದು. ಅವನ ಶಿಷ್ಯರು ಮುಸ್ಸಂಜೆಯಲ್ಲಿ ಶೋಕದ ರಾಗದಲ್ಲಿ ಈ ಗ್ರಂಥಗಳನ್ನು ಓದುತ್ತಿದ್ದರು.

ಇದರ ಹಿಂದೆ ಒಂದು ಮನಶ್ಶಾಸ್ತ್ರವಿದೆ. ಮನುಷ್ಯನೊಳಗೆ ಬೆಳಕಿನಲ್ಲಿರುವ ಶಕ್ತಿಗಳು, ಮಬ್ಬಿನಲ್ಲಿರುವ ಶಕ್ತಿಗಳು ಎಂದು ಸಲಾಂಟರ್ ಎರಡು ಬಗೆ ಮಾಡುತ್ತಾನೆ. ತಿಳಿವಳಿಕೆ ಬೆಳಕಿನ ಭಾಗಕ್ಕೆ ತಲುಪುತ್ತದೆ; ಆದರೆ ಥಟ್ಟನೆ ರೇಗಿಸುವುದು, ಥಟ್ಟನೆ ಸುಳ್ಳಾಡಿಸುವುದು ಮಬ್ಬಿನ ಭಾಗ. ಅಲ್ಲಿಗೆ ವಾದ ಇಳಿಯುವುದಿಲ್ಲ, ಪುನರಾವರ್ತನೆ ಮತ್ತು ಭಾವ ಇಳಿಯುತ್ತವೆ. ಫ್ರಾಯ್ಡ್ ಬರೆಯುವುದಕ್ಕೆ ದಶಕಗಳ ಮೊದಲೇ ಬಂದ ಈ ವಿಂಗಡಣೆಯನ್ನು ನೆನಪಿಟ್ಟುಕೊಂಡರೆ, ವಿದ್ಯಾವಂತರು ಗಟ್ಟಿಯಾಗಿ ಓದಲು ನಾಚಿಕೊಳ್ಳುವುದಕ್ಕೆ ಕಾರಣ ಉಳಿಯುವುದಿಲ್ಲ. ನಮ್ಮ ಮನೆಗಳಲ್ಲಿ ಸ್ತೋತ್ರ, ಮಗ್ಗಿ ಎರಡನ್ನೂ ಬಾಯಿಪಾಠ ಮಾಡಿದವರಿಗೆ ಇದು ಅಪರಿಚಿತವೂ ಅಲ್ಲ.

ಹಂತ 4: ಹಗಲಿನ ಒಂದು ಚಿಕ್ಕ ಒಪ್ಪಂದ

ಓದು ಮುಗಿದ ಮೇಲೆ ಆ ದಿನ ಮಾಡುವ ಒಂದೇ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಿ. ಇದರ ಹೆಸರು ‘ಕಬ್ಬಲಾ’, ಅಂದರೆ ವಹಿಸಿಕೊಂಡದ್ದು. ಅನುಭಾವದ ಶಾಖೆಗೆ ಇರುವ ‘ಕಬ್ಬಲಾ’ ಎಂಬ ಹೆಸರೂ ಇದೇ ಪದ. ಆದರೆ ಇಲ್ಲಿ ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಗೊಂದಲ ಬೇಡ.

ಒಪ್ಪಂದ ಎಷ್ಟು ಚಿಕ್ಕದಾಗಿರಬೇಕೆಂದರೆ ನಿಮಗೇ ನಗು ಬರಬೇಕು. ‘ಇಂದಿನಿಂದ ಕೋಪ ಮಾಡಿಕೊಳ್ಳುವುದಿಲ್ಲ’ ಎಂಬುದು ಒಪ್ಪಂದವಲ್ಲ, ಹಗಲುಗನಸು. ‘ಇಂದು ಸಂಜೆ ಮಗ ಲೆಕ್ಕ ತಪ್ಪು ಮಾಡಿದಾಗ ಬಾಯಿ ತೆರೆಯುವ ಮುನ್ನ ಒಂದು ಲೋಟ ನೀರು ಕುಡಿಯುತ್ತೇನೆ’ ಎಂಬುದು ಒಪ್ಪಂದ. ಹೊತ್ತು, ಜಾಗ, ಕ್ರಿಯೆ ಮೂರೂ ಅದರಲ್ಲಿವೆ. ಮೈಮೊನಿಡಿಸ್ ಪಿರ್ಕೇ ಅವೋತ್‌ಗೆ ಬರೆದ ವ್ಯಾಖ್ಯಾನದಲ್ಲಿ ಹೀಗೆ ವಾದಿಸುತ್ತಾನೆ: ಒಬ್ಬನಿಗೆ ಒಂದೇ ಬಾರಿ ಸಾವಿರ ನಾಣ್ಯ ಕೊಡುವುದಕ್ಕಿಂತ ಸಾವಿರ ಬಾರಿ ಒಂದೊಂದು ನಾಣ್ಯ ಕೊಡುವುದರಿಂದ ಔದಾರ್ಯ ಹೆಚ್ಚು ಬೆಳೆಯುತ್ತದೆ, ಏಕೆಂದರೆ ಕೈ ಸಾವಿರ ಬಾರಿ ಚಾಚಿ ರೂಢಿಯಾಗಿರುತ್ತದೆ. ಪಡೆಯುವವನ ದೃಷ್ಟಿಯಿಂದ ಲೆಕ್ಕ ಬೇರೆಯಾಗಬಹುದು. ಇಲ್ಲಿ ಪ್ರಶ್ನೆ ಕೊಡುವವನ ಗುಣದ್ದು.

ಎಚ್ಚರಿಕೆ: ಒಪ್ಪಂದವನ್ನು ಆಣೆಯಾಗಿ ಮಾಡಬೇಡಿ. ದೇವರ ಹೆಸರಿನಲ್ಲಿ ಕೊಟ್ಟ ಮಾತನ್ನು ಮುರಿಯುವುದು ಯೆಹೂದಿ ಶಾಸ್ತ್ರದಲ್ಲಿ ಗಂಭೀರ ಅಪರಾಧ. ಆದ್ದರಿಂದಲೇ ಅವರು ಇಂಥ ಸಂಕಲ್ಪಗಳ ಕೊನೆಗೆ ‘ಬ್ಲಿ ನೆದೆರ್’, ಅಂದರೆ ‘ಇದು ಹರಕೆಯಲ್ಲ’, ಎಂದು ಸೇರಿಸುತ್ತಾರೆ. ಆಣೆ ಮುರಿದವನು ತಪ್ಪಿತಸ್ಥ ಭಾವದಲ್ಲಿ ಮುಳುಗುತ್ತಾನೆ, ಒಪ್ಪಂದ ತಪ್ಪಿದವನು ಒಂದು ಚುಕ್ಕೆ ಇಟ್ಟು ಮುಂದೆ ಹೋಗುತ್ತಾನೆ.

ಕೆಲವು ಗುಣಗಳನ್ನು ಕುರಿತು ಹೆಚ್ಚು ಪ್ರಶ್ನೆ ಬಂದಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕೋಪ. ಪಿರ್ಕೇ ಅವೋತ್‌ನ ಐದನೆಯ ಅಧ್ಯಾಯ ಮನುಷ್ಯರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ: ಬೇಗ ರೇಗಿ ಬೇಗ ತಣಿಯುವವರು, ತಡವಾಗಿ ರೇಗಿ ತಡವಾಗಿ ತಣಿಯುವವರು, ತಡವಾಗಿ ರೇಗಿ ಬೇಗ ತಣಿಯುವವರು, ಬೇಗ ರೇಗಿ ತಡವಾಗಿ ತಣಿಯುವವರು. ಮೂರನೆಯವರು ಸಜ್ಜನರು, ನಾಲ್ಕನೆಯವರು ದುಷ್ಟರು. ರೇಗದೇ ಇರುವ ಐದನೆಯ ಬಗೆಯನ್ನು ಆ ಪಟ್ಟಿ ಹೆಸರಿಸುವುದೇ ಇಲ್ಲ ಎಂಬುದನ್ನು ಗಮನಿಸಿ. ಕೋಪಕ್ಕೆ ಎರಡು ಅಳತೆಗಳಿವೆ, ಏರುವ ವೇಗ ಮತ್ತು ಇಳಿಯುವ ವೇಗ. ಮೊದಲನೆಯದನ್ನು ಹಿಡಿಯುವುದು ಕಷ್ಟ, ಎರಡನೆಯದು ಕೈಗೆ ಸಿಗುತ್ತದೆ. ಆದ್ದರಿಂದ ಕೋಪದ ವಾರದಲ್ಲಿ ಚುಕ್ಕೆಯ ಪಕ್ಕದಲ್ಲಿ ಎಷ್ಟು ಹೊತ್ತು ಮುನಿಸಿಕೊಂಡಿದ್ದಿರಿ ಎಂಬುದನ್ನು ನಿಮಿಷಗಳಲ್ಲಿ ಬರೆಯಿರಿ. ರೇಗಿದ ಸಂಖ್ಯೆ ಇಳಿಯದಿದ್ದರೂ ಮಾತು ಬಿಟ್ಟ ಅವಧಿ ಎರಡು ದಿನದಿಂದ ಎರಡು ಗಂಟೆಗೆ ಇಳಿದರೆ ಅದು ದೊಡ್ಡ ಬದಲಾವಣೆ.

ನಾಲಿಗೆ. ‘ಲಶೋನ್ ಹರಾ’ ಎಂದರೆ ಕೆಟ್ಟ ನಾಲಿಗೆ. ಇನ್ನೊಬ್ಬರ ಕುರಿತು ಸುಳ್ಳಾಡುವುದಕ್ಕೆ ಬೇರೆ ಹೆಸರಿದೆ; ಇದು ನಿಜವೇ ಆಗಿದ್ದರೂ ಅವರಿಗೆ ಹಾನಿ ಮಾಡುವ ಮಾತು. 1873ರಲ್ಲಿ ವಿಲ್ನಾದಲ್ಲಿ ರಬ್ಬಿ ಇಸ್ರಾಯೇಲ್ ಮೇಯಿರ್ ಕಗಾನ್ ಇದರ ನಿಯಮಗಳನ್ನೇ ಒಂದು ಶಾಸ್ತ್ರಗ್ರಂಥವಾಗಿ ಕ್ರೋಡೀಕರಿಸಿದ, ಮತ್ತು ಬರವಣಿಗೆ, ಸನ್ನೆಗಳೂ ನಿಷೇಧದಲ್ಲಿ ಸೇರುತ್ತವೆಂದು ಸ್ಪಷ್ಟಪಡಿಸಿದ. ಹಾಗೆಂದ ಮೇಲೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಮುಂದೂಡಿದ ಚಿತ್ರ, ಕಣ್ಣು ಹೊಡೆಯುವ ಎಮೋಜಿ ಎಲ್ಲಕ್ಕೂ ಚುಕ್ಕೆ ಇಡಬೇಕಾಗುತ್ತದೆ. ಆದರೆ ಮೌನವೂ ಅಳತೆ ಮೀರಬಹುದು. ಬೈಬಲಿನ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದ ಒಂದೇ ವಚನ ಚಾಡಿ ಹೇಳುತ್ತ ತಿರುಗಬೇಡ ಎಂದೂ ನೆರೆಯವನ ಪ್ರಾಣ ಅಪಾಯದಲ್ಲಿದ್ದಾಗ ಸುಮ್ಮನೆ ನಿಲ್ಲಬೇಡ ಎಂದೂ ಹೇಳುತ್ತದೆ. ಮದುವೆಯ ಸಂಬಂಧವನ್ನೋ ಪಾಲುದಾರಿಕೆಯನ್ನೋ ನೋಡುತ್ತಿರುವವರು ಕೇಳಿದಾಗ, ಅವರಿಗೆ ನಷ್ಟ ತಪ್ಪಿಸುವ ಉದ್ದೇಶದಿಂದ, ನಿಮಗೆ ಖಚಿತವಾಗಿ ಗೊತ್ತಿರುವುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳುವುದಕ್ಕೆ ಕಗಾನ್ ಷರತ್ತುಗಳೊಡನೆ ಅವಕಾಶವಿಟ್ಟಿದ್ದಾನೆ.

ವಿನಯ. ತನ್ನನ್ನು ತಾನು ಹಳಿದುಕೊಳ್ಳುವುದೇ ವಿನಯವೆಂದು ತಿಳಿದವರು ಬಹಳ. ಬೈಬಲ್ ಭೂಮಿಯ ಮೇಲಿನ ಎಲ್ಲರಿಗಿಂತ ವಿನಯಿ ಎಂದು ಕರೆದಿರುವುದು ಈಜಿಪ್ಟಿನ ಅರಸ ಫರೋಹನ ಎದುರು ನಿಂತ ಮೋಶೆಯನ್ನು. ಪೋಲೆಂಡಿನ ಹಸೀದೀ (ಯೆಹೂದಿ ಭಕ್ತಿಪಂಥದ) ಗುರು ಸಿಮ್ಹಾ ಬುನಿಮ್ ಹೇಳಿದನೆನ್ನಲಾದ ಉಪಾಯ ಸರಳ: ಎರಡು ಜೇಬುಗಳಲ್ಲಿ ಎರಡು ಚೀಟಿ, ಒಂದರಲ್ಲಿ ‘ನನಗಾಗಿಯೇ ಜಗತ್ತು ಸೃಷ್ಟಿಯಾಯಿತು’, ಇನ್ನೊಂದರಲ್ಲಿ ‘ನಾನು ಮಣ್ಣು, ಬೂದಿ’. ಯಾವ ಹೊತ್ತಿಗೆ ಯಾವುದು ಬೇಕೋ ಅದನ್ನು ತೆಗೆದು ಓದುವುದು. ಸಂದರ್ಶನಕ್ಕೆ ಹೋಗುವಾಗ ಎರಡನೆಯ ಚೀಟಿಯನ್ನು ಓದಿಕೊಂಡು ಹೋಗುವವರು ಅಳತೆ ತಪ್ಪಿದ್ದಾರೆ.

ತಾಳ್ಮೆ. ಸವ್ಲನೂತ್ ಪದದ ಧಾತು ಹೊರೆ ಹೊರುವುದಕ್ಕೆ ಸಂಬಂಧಿಸಿದ್ದು. ಬ್ಯಾಂಕಿನ ಸರದಿಯಲ್ಲಿ ನಿಂತಾಗ, ವಯಸ್ಸಾದ ಅಮ್ಮ ಅದೇ ಕಥೆಯನ್ನು ಮತ್ತೆ ಹೇಳುವಾಗ ಈ ಹೊರೆ ಯಾವುದೆಂದು ಹೆಸರಿಟ್ಟುಕೊಳ್ಳಿ. ಹೆಸರಿಟ್ಟ ಹೊರೆಯನ್ನು ಹೊರುವುದು ಸುಲಭ. ಆದರೆ ಹೊಡೆತ, ಬೆದರಿಕೆ, ವಂಚನೆಗಳನ್ನು ಸಹಿಸುವುದಕ್ಕೆ ತಾಳ್ಮೆಯ ಹೆಸರು ಕೊಡಬೇಡಿ. ಪ್ರಾಣರಕ್ಷಣೆಗಾಗಿ ಸಬ್ಬತ್ತನ್ನೂ ಮುರಿಯಬೇಕೆಂದು ವಿಧಿಸುವ ಶಾಸ್ತ್ರವಿದು. ಅಂಥ ಮನೆಯಲ್ಲಿರುವವರು ಮೊದಲು ಸುರಕ್ಷಿತ ಜಾಗಕ್ಕೆ ಹೋಗಬೇಕು, ಪುಸ್ತಕ ಆಮೇಲೆ.

ಹಂತ 5: ರಾತ್ರಿಯ ಲೆಕ್ಕ

ಹಿಂದೆ ಅಂಗಡಿಕಾರರು ದೀಪ ಹಚ್ಚಿಟ್ಟುಕೊಂಡು ಆ ದಿನದ ಕಿರ್ದಿ ಬರೆದು ಮುಗಿಸದೆ ಬಾಗಿಲು ಹಾಕುತ್ತಿರಲಿಲ್ಲ. ‘ಹೆಶ್ಬೋನ್’ ಎಂಬುದು ವ್ಯಾಪಾರದ ಲೆಕ್ಕಕ್ಕೂ ಇರುವ ಪದವೇ. ಕಿರ್ದಿಯಲ್ಲಿ ಬೈಗುಳ ಬರೆಯುವುದಿಲ್ಲ, ಮೊತ್ತ ಬರೆಯುತ್ತಾರೆ. ನೀವೂ ಹಾಗೆಯೇ ಬರೆಯಬೇಕು. ‘ನಾನು ಇವತ್ತೂ ಕೆಟ್ಟವನಾಗಿ ನಡೆದುಕೊಂಡೆ’ ಎಂಬ ವಾಕ್ಯದಿಂದ ನಾಳೆಗೆ ಏನೂ ಸಿಗುವುದಿಲ್ಲ. ‘ಬೆಳಗ್ಗೆ 9:10, ಆಟೊ ತಡವಾಯಿತು, ಚಾಲಕನಿಗೆ ಏರುದನಿಯಲ್ಲಿ ಮಾತಾಡಿದೆ, ರಾತ್ರಿ ನಿದ್ದೆ ಸರಿಯಾಗಿರಲಿಲ್ಲ’ ಎಂದು ಬರೆದರೆ ಮೂರನೆಯ ವಾರದ ಹೊತ್ತಿಗೆ ನಿಮ್ಮ ಕೋಪಕ್ಕೂ ನಿದ್ದೆಗೂ ಇರುವ ನಂಟು ಪುಟದ ಮೇಲೆ ತಾನೇ ಮೂಡುತ್ತದೆ. ಎಡಪುಟದಲ್ಲಿ ಚುಕ್ಕೆ, ಬಲಪುಟದಲ್ಲಿ ಇಂಥ ಎರಡು ಸಾಲು. ಐದು ನಿಮಿಷಕ್ಕೆ ಮುಗಿಯಬೇಕು. ಒಪ್ಪಂದ ನೆರವೇರಿದ ದಿನ ಅದನ್ನೂ ಬರೆಯಿರಿ, ಜಮೆಯ ಕಡೆ ಖಾಲಿ ಬಿಟ್ಟ ಲೆಕ್ಕ ಸುಳ್ಳು ಲೆಕ್ಕ.

ಸಬ್ಬತ್ ಆಚರಿಸುವ ಯೆಹೂದಿಗಳಿಗೆ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವವರೆಗೆ ಬರವಣಿಗೆ ನಿಷಿದ್ಧ. ಸಬ್ಬತ್ತನ್ನು ಬೀಳ್ಕೊಡುವ ‘ಹವ್ದಲಾ’ ಎಂಬ ಚಿಕ್ಕ ವಿಧಿ ಮುಗಿದ ಮೇಲೆಯೇ ಅವರು ಪುಸ್ತಕ ತೆರೆಯಬಹುದು. ನಿಮಗೆ ಆ ನಿರ್ಬಂಧವಿಲ್ಲ. ಆದರೂ ವಾರದಲ್ಲಿ ಒಂದು ದಿನ ಬರೆಯದೆ, ಮರುದಿನ ನೆನಪಿನಿಂದ ತುಂಬಿ ನೋಡಿ. ನೆನಪು ಯಾವ ಚುಕ್ಕೆಗಳನ್ನು ಜಾರಿಸಿಬಿಡುತ್ತದೆಂಬುದು ತಿಳಿಯುತ್ತದೆ.

ಇಲ್ಲಿ ಬಹುಪಾಲು ಜನ ಎಡವುವುದು ಎರಡು ಕಡೆ. ಮೊದಲ ವಾರ ಚುಕ್ಕೆಗಳು ಹೆಚ್ಚುತ್ತ ಹೋದಾಗ ‘ನಾನು ಇನ್ನಷ್ಟು ಹದಗೆಡುತ್ತಿದ್ದೇನೆ’ ಎಂದು ಗಾಬರಿಯಾಗುತ್ತಾರೆ. ಹೆಚ್ಚುತ್ತಿರುವುದು ತಪ್ಪಲ್ಲ, ಗಮನ. ಎರಡನೆಯದು, ‘ಯೇತ್ಸೆರ್ ಹರಾ’ ಎಂಬ, ಕೆಡುಕಿನತ್ತ ಎಳೆಯುವ ಒಳತುಡಿತವನ್ನು ಕೊಂದೇ ತೀರುತ್ತೇನೆಂದು ಹೊರಡುವುದು. ಆ ತುಡಿತವಿಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ವ್ಯಾಪಾರ ಮಾಡುತ್ತಿರಲಿಲ್ಲ ಎಂದು ಪ್ರಾಚೀನ ಮಿದ್ರಾಶ್, ಅಂದರೆ ಬೈಬಲಿನ ವ್ಯಾಖ್ಯಾನ, ಹೇಳುತ್ತದೆ. ಪಿರ್ಕೇ ಅವೋತ್ ಅದನ್ನು ಹತೋಟಿಯಲ್ಲಿಡುವವನನ್ನು ವೀರನೆಂದು ಕರೆಯುತ್ತದೆಯೇ ಹೊರತು ಕೊಲ್ಲುವವನನ್ನಲ್ಲ.

ದುಃಖ ವಾರಗಟ್ಟಲೆ ಬಿಡದಿದ್ದರೆ, ಊಟ ನಿದ್ದೆ ಹೋಗಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ ಪುಸ್ತಕವನ್ನು ಬದಿಗಿಟ್ಟು ವೈದ್ಯರ ಬಳಿ ಹೋಗಿ. ವೈದ್ಯನಿಗೆ ಗುಣಪಡಿಸುವ ಅಧಿಕಾರವನ್ನು ದೇವರೇ ಕೊಟ್ಟಿದ್ದಾನೆಂಬುದು ತಾಲ್ಮೂಡಿನ ನಿಲುವು. ಕಾಯಿಲೆಯನ್ನು ಗುಣದೋಷವೆಂದು ಲೆಕ್ಕಕ್ಕೆ ಬರೆಯುವುದು ತಪ್ಪು ಖಾತೆಗೆ ಬರೆದಂತೆ.

ಹಂತ 6: ವಾರಕ್ಕೊಮ್ಮೆ ಜೊತೆಗಾರನೊಡನೆ

ಯೆಹೂದಿಗಳು ಗ್ರಂಥವನ್ನು ಒಬ್ಬರೇ ಓದುವುದು ಕಡಿಮೆ. ಇಬ್ಬರು ಎದುರುಬದುರು ಕುಳಿತು ವಾದಿಸುತ್ತ ಓದುವ ಜೋಡಿಗೆ ‘ಹವ್ರುತಾ’ ಎಂದು ಹೆಸರು. ಮುಸಾರ್‌ನಲ್ಲಿ ಜೋಡಿಯ ಕೆಲಸ ಇನ್ನೂ ಮುಖ್ಯ, ಏಕೆಂದರೆ ತನ್ನ ಮಟ್ಟಿಗೆ ತಾನು ಎಲ್ಲರೂ ಒಳ್ಳೆಯ ವಕೀಲರೇ. ವಾರಕ್ಕೊಮ್ಮೆ ಅರ್ಧ ಗಂಟೆ, ಎದುರಿಗೆ ಅಥವಾ ಫೋನಿನಲ್ಲಿ, ಬಲಪುಟದಿಂದ ಎರಡು ಟಿಪ್ಪಣಿಗಳನ್ನು ಓದಿ ಹೇಳಿ. ಜೊತೆಗಾರ ಉಪದೇಶ ಮಾಡಬಾರದು, ಪ್ರಶ್ನೆ ಮಾತ್ರ ಕೇಳಬೇಕು. ಕೇಳಿದ್ದನ್ನು ಹೊರಗೆ ಹೇಳಬಾರದು. ಟಿಪ್ಪಣಿಯಲ್ಲಿ ಬರುವ ಮೂರನೆಯವರ ಹೆಸರು ಎತ್ತದೆ ‘ಒಬ್ಬ ಸಹೋದ್ಯೋಗಿ’ ಎನ್ನಬೇಕು, ಇಲ್ಲವಾದರೆ ಗುಣ ತಿದ್ದುವ ನೆಪದಲ್ಲಿ ಲಶೋನ್ ಹರಾ ನಡೆಯುತ್ತದೆ. ಗಂಡ ಅಥವಾ ಹೆಂಡತಿಯನ್ನೇ ಜೊತೆಗಾರರಾಗಿ ಮಾಡಿಕೊಳ್ಳಬೇಡಿ ಎಂಬುದು ನನ್ನ ಸಲಹೆ; ಚುಕ್ಕೆಗಳ ಪುಸ್ತಕ ಜಗಳದಲ್ಲಿ ಸಾಕ್ಷ್ಯವಾಗಿ ಹಾಜರಾಗುತ್ತದೆ.

ನೊವಾರ್ಡಾಕ್ ಎಂಬ ಊರಿನ ಮುಸಾರ್ ಶಾಲೆಯ ವಿದ್ಯಾರ್ಥಿಗಳು ಔಷಧಿ ಅಂಗಡಿಗೆ ಹೋಗಿ ಮೊಳೆ ಕೇಳಿ, ಜನರ ನಗೆಪಾಟಲಿಗೆ ಗುರಿಯಾಗಿ ಅಹಂಕಾರ ಮುರಿಯುತ್ತಿದ್ದರೆಂಬ ಮಾತನ್ನು ಓದಿ ಕೆಲವರು ಉತ್ಸಾಹಗೊಳ್ಳುತ್ತಾರೆ. ಅದು ಗುರುವಿನ ಕಣ್ಣಳತೆಯಲ್ಲಿ, ಇಡೀ ಸಮುದಾಯದ ನಡುವೆ ನಡೆದ ತೀವ್ರ ಅಭ್ಯಾಸ. ಒಂಟಿಯಾಗಿ ಆರಂಭಿಸುವವರು ಅದರ ತಂಟೆಗೆ ಹೋಗಬಾರದು.

ಹಂತ 7: ಬಾಕಿ ತೀರಿಸುವುದು

ಈ ಹಂತವನ್ನು ಬಿಟ್ಟು ಉಳಿದುದನ್ನೆಲ್ಲ ಮಾಡುವವರೇ ಹೆಚ್ಚು, ಮತ್ತು ಅವರ ಅಭ್ಯಾಸ ಬರೀ ಆತ್ಮಪರೀಕ್ಷೆಯ ಸುಖವಾಗಿ ಉಳಿಯುತ್ತದೆ. ಲೆಕ್ಕ ಬರೆದ ಮೇಲೆ ಯಾರಿಗೋ ಏನೋ ಕೊಡಬೇಕಾಗಿದೆ ಎಂದು ಕಂಡುಬಂದರೆ ಅದನ್ನು ಕೊಡಬೇಕು. ಯೆಹೂದಿಗಳ ಅತ್ಯಂತ ಪವಿತ್ರ ದಿನವಾದ ಯೋಮ್ ಕಿಪ್ಪುರ್ ದೇವರಿಗೂ ಮನುಷ್ಯನಿಗೂ ನಡುವಿನ ತಪ್ಪುಗಳನ್ನು ತೊಳೆಯುತ್ತದೆ, ಆದರೆ ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನು, ನೊಂದವನನ್ನು ಸಮಾಧಾನಪಡಿಸುವವರೆಗೆ, ತೊಳೆಯುವುದಿಲ್ಲ ಎಂಬುದು ಮಿಶ್ನಾದ ತೀರ್ಪು. ಉಪವಾಸದಿಂದಾಗಲಿ ಪ್ರಾರ್ಥನೆಯಿಂದಾಗಲಿ ಪಕ್ಕದ ಮನೆಯವರ ಬಾಕಿ ತೀರುವುದಿಲ್ಲ.

ತಪ್ಪಿನಿಂದ ಹಿಂತಿರುಗುವುದಕ್ಕೆ ‘ತೆಶುವಾ’ ಎನ್ನುತ್ತಾರೆ. ಪದದ ಅರ್ಥವೂ ಮರಳುವುದು ಎಂದೇ. ಮೈಮೊನಿಡಿಸ್ ಹೇಳುವ ಪ್ರಕಾರ ತಪ್ಪನ್ನು ನಿಲ್ಲಿಸಬೇಕು, ಪಶ್ಚಾತ್ತಾಪಪಡಬೇಕು, ಅದನ್ನು ಬಾಯಿಬಿಟ್ಟು ಹೇಳಬೇಕು, ಮುಂದೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು. ಹಣದ ವಿಷಯವಾದರೆ ಮೊದಲು ಹಣ ಹಿಂದಿರುಗಿಸಿ, ಆಮೇಲೆ ಕ್ಷಮೆ ಕೇಳಬೇಕು. ಎದುರಿನವರು ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ, ಹೀಗೆ ಮೂರು ಸಲ ಪ್ರಯತ್ನಿಸಬೇಕು. ಆಮೇಲೂ ಒಪ್ಪದಿದ್ದರೆ ಬಿಟ್ಟುಬಿಡಬಹುದು. ನೊಂದವರು ತನ್ನ ಗುರುವಾಗಿದ್ದರೆ ಮಾತ್ರ ಸಾವಿರ ಸಲವಾದರೂ ಹೋಗಬೇಕು. ತೀರಿಕೊಂಡಿದ್ದರೆ ಹತ್ತು ಜನರೊಡನೆ ಸಮಾಧಿಯ ಬಳಿ ನಿಂತು ತಪ್ಪೊಪ್ಪಿಕೊಳ್ಳಬೇಕು.

ನಿಮ್ಮ ಮಟ್ಟಿಗೆ ಇದನ್ನು ಹೀಗೆ ಅಳವಡಿಸಿಕೊಳ್ಳಿ: ಹದಿಮೂರು ವಾರಗಳಲ್ಲಿ ಕನಿಷ್ಠ ಒಬ್ಬರ ಬಳಿಗಾದರೂ ಹೋಗಿ, ಇಂಥ ದಿನ ಇಂಥ ಮಾತಾಡಿದೆ, ಅದು ತಪ್ಪು ಎಂದು ನಿರ್ದಿಷ್ಟವಾಗಿ ಹೇಳಿ. ‘ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ’ ಎಂದು ಇಡೀ ಗುಂಪಿಗೆ ಕಳಿಸುವ ಸಂದೇಶ ಇದಕ್ಕೆ ಬದಲಿಯಾಗುವುದಿಲ್ಲ. ‘ಆದರೆ ನೀನೂ ಅವತ್ತು’ ಎಂದು ಮಾತು ಮುಂದುವರಿಸಿದರೆ ಕೇಳಿದ ಕ್ಷಮೆ ಅಲ್ಲಿಯೇ ರದ್ದು. ನಿಮ್ಮನ್ನು ನೋಡಲೂ ಬಯಸದವರ ಮನೆ ಬಾಗಿಲಿಗೆ ಹೋಗಿ ಅವರ ಗಾಯ ಕೆದಕುವುದೂ ಸಲ್ಲದು. ಅಲ್ಲಿ ಒಂದು ಪತ್ರ ಸಾಕು, ಉತ್ತರ ಬಾರದಿದ್ದರೆ ಅದು ಅವರ ಹಕ್ಕು.

ನಿಮಗೆ ನೋವು ಮಾಡಿದವರ ವಿಷಯ ಬೇರೆ. ಯೆಹೂದಿ ಪ್ರಾರ್ಥನಾ ಪುಸ್ತಕಗಳಲ್ಲಿ ಮಲಗುವ ಮುನ್ನ ಹೇಳುವ ಒಂದು ಘೋಷಣೆಯಿದೆ: ಈ ದಿನ ನನ್ನನ್ನು ಕೆಣಕಿದವರನ್ನು, ನನಗೆ ತಪ್ಪು ಮಾಡಿದವರನ್ನು ನಾನು ಕ್ಷಮಿಸುತ್ತೇನೆ, ನನ್ನಿಂದಾಗಿ ಯಾರಿಗೂ ಶಿಕ್ಷೆಯಾಗದಿರಲಿ. ದಿನದ ಸಣ್ಣಪುಟ್ಟ ಕಿರಿಕಿರಿಗಳಿಗೆ ಇದು ಒಳ್ಳೆಯ ಮದ್ದು, ರಾತ್ರಿಯ ಐದು ನಿಮಿಷದ ಕೊನೆಗೆ ಇದನ್ನು ಸೇರಿಸಿಕೊಳ್ಳಬಹುದು. ಆಳವಾದ ಗಾಯಗಳನ್ನು ಒಂದು ವಾಕ್ಯದಿಂದ ಮುಚ್ಚಿಬಿಡಿ ಎಂದು ನಾನಂತೂ ಯಾರಿಗೂ ಹೇಳಲಾರೆ.

ಹಂತ 8: ವಾರ ಬದಲಿಸುವುದು, ಸುತ್ತು ಮುಗಿಸುವುದು

ಏಳನೆಯ ದಿನ ಮುಗಿದ ಕೂಡಲೇ ಮುಂದಿನ ಗುಣಕ್ಕೆ ಹೋಗಿ. ‘ತಾಳ್ಮೆ ಇನ್ನೂ ಬಂದಿಲ್ಲ, ಇನ್ನೊಂದು ವಾರ ಇಟ್ಟುಕೊಳ್ಳುತ್ತೇನೆ’ ಎಂದು ಉಳಿದವರು ಅಲ್ಲಿಯೇ ಉಳಿದುಬಿಡುತ್ತಾರೆ. ಬಿಟ್ಟು ಹೋದ ಗುಣ ಹದಿಮೂರು ವಾರದ ಬಳಿಕ ತಾನೇ ಬಂದು ಬಾಗಿಲು ತಟ್ಟುತ್ತದೆ, ಆ ಹೊತ್ತಿಗೆ ನೆರೆಯ ಗುಣಗಳ ಅಭ್ಯಾಸ ಅದಕ್ಕೆ ಒದಗಿರುತ್ತದೆ. ಅಚ್ಚುಕಟ್ಟು ಬಂದವರಿಗೆ ಬೆಳಗಿನ ಅವಸರ ತಗ್ಗಿ ಕೋಪ ಕಡಿಮೆಯಾಗುವುದನ್ನು ಎರಡನೆಯ ಸುತ್ತಿನಲ್ಲಿ ನೀವೇ ಕಾಣುವಿರಿ. ನಡುವೆ ಜ್ವರ, ಮದುವೆ, ಪ್ರಯಾಣಗಳಿಂದ ವಾರ ತಪ್ಪಿದರೆ ಆ ಪುಟದಲ್ಲಿ ಅಡ್ಡಗೆರೆ ಎಳೆದು ಮುಂದಿನದಕ್ಕೆ ಹೋಗಿ, ಹಿಂದಿನದನ್ನು ತುಂಬುವ ಪ್ರಯತ್ನ ಬೇಡ.

ಯಾವಾಗ ಆರಂಭಿಸಬೇಕೆಂದು ಕೇಳುವವರಿಗೆ: ಯಾವ ಸೋಮವಾರವಾದರೂ ಆದೀತು. ಯೆಹೂದಿಗಳಲ್ಲಿ ಲೆಕ್ಕ ನೋಡುವ ಋತು ಎಲೂಲ್ ತಿಂಗಳು, ಸಾಮಾನ್ಯವಾಗಿ ಆಗಸ್ಟ್-ಸೆಪ್ಟೆಂಬರ್. ಅದಾದ ಮೇಲೆ ತಿಶ್ರಿ ತಿಂಗಳ ಒಂದರಂದು ಹೊಸ ವರ್ಷ, ಹತ್ತರಂದು ಯೋಮ್ ಕಿಪ್ಪುರ್. ನಮ್ಮ ಪಂಚಾಂಗದಂತೆ ಅವರದೂ ಚಾಂದ್ರಮಾನವನ್ನು ಸೂರ್ಯನ ಗತಿಗೆ ಹೊಂದಿಸುವ ಪಂಚಾಂಗ, ಹತ್ತೊಂಬತ್ತು ವರ್ಷಕ್ಕೆ ಏಳು ಅಧಿಕ ಮಾಸಗಳು ಬರುತ್ತವೆ. ಹಾಗಾಗಿ ಐವತ್ತೆರಡು ವಾರಗಳ ಲೆಕ್ಕ ಅವರ ವರ್ಷಕ್ಕೆ ಸರಿಯಾಗಿ ಕೂಡುವುದಿಲ್ಲ.

ಪ್ರತಿ ಸುತ್ತಿನ ಕೊನೆಗೆ ಪ್ರತಿ ಗುಣದ ಚುಕ್ಕೆಗಳನ್ನು ಕೂಡಿ, ಪುಸ್ತಕದ ಹಿಂಬದಿಯ ಹಾಳೆಯಲ್ಲಿ ಹದಿಮೂರು ಅಂಕಿಗಳನ್ನು ಬರೆದಿಡಿ. ನಾಲ್ಕು ಸುತ್ತು ಮುಗಿದಾಗ ನಾಲ್ಕು ಸಾಲುಗಳಿರುತ್ತವೆ. ಅವುಗಳನ್ನು ಜೊತೆಗಾರನ ಎದುರು ಒಮ್ಮೆ ಓದಿ ಹೇಳಿ, ಯಾವ ಗುಣದ ಅಂಕಿ ಕದಲಿಲ್ಲವೋ ಅದರ ಹೆಸರನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಯಿರಿ.